ನೈಜರ್ ತೀರದ ರೈತನ ಗಿಟಾರು

ಮಾಲಿ ದೇಶದ ಅಲಿ ಫರ್ಕಾ ತೂರೆ ತಮ್ಮ ಹೊಳೆಯ ದಂಡೆಯ ಹಾಡನ್ನು ಗಿಟಾರಿಗೆ ತಂದು ಜಗತ್ತಿಗೆ ಕೇಳಿಸಿದವರು. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ನೆರಳಲ್ಲಿ ಬೆಳೆದ ಪುಣೆಯ ಕೇಳುಗರಿಗೆ ಅವರು ಯಾಕೆ ಇಷ್ಟು ಹತ್ತಿರದವರು?

1968ರ ಸುಮಾರಿನ ಮಾತು. ಪಶ್ಚಿಮ ಆಫ್ರಿಕದ ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ ವಿದ್ಯಾರ್ಥಿಯೊಬ್ಬ ತನ್ನ ಗೆಳೆಯನಿಗೆ ಅಮೆರಿಕದ ಗ್ರಾಮಫೋನ್ ತಟ್ಟೆಗಳನ್ನು ಒಂದೊಂದಾಗಿ ಹಾಕಿ ಕೇಳಿಸಿದ. ಜೇಮ್ಸ್ ಬ್ರೌನ್, ಓಟಿಸ್ ರೆಡ್ಡಿಂಗ್, ಆಲ್ಬರ್ಟ್ ಕಿಂಗ್ ಎಲ್ಲರೂ ಆ ಸರದಿಯಲ್ಲಿದ್ದರು. ಜಾನ್ ಲೀ ಹೂಕರ್ ಅವರ ತಟ್ಟೆ ತಿರುಗತೊಡಗಿದಾಗ ಮಾತ್ರ ಆ ಗೆಳೆಯ ದಂಗಾಗಿ ಹೋದ. ಇದು ನಮ್ಮ ಕಡೆಯ ಸಂಗೀತವಲ್ಲವೆ? ನಮ್ಮ ಹೊಳೆಯ ದಂಡೆಯದು ಆ ದೇಶಕ್ಕೆ ಹೋದದ್ದಾದರೂ ಹೇಗೆ? ಆತನಿಗೆ ಆಗ ಮೂವತ್ತರ ಹತ್ತಿರದ ವಯಸ್ಸು. ಟ್ಯಾಕ್ಸಿ ಓಡಿಸಿದ್ದ, ಮೆಕ್ಯಾನಿಕ್ ಆಗಿದ್ದ, ನೈಜರ್ ನದಿಯಲ್ಲಿ ರೋಗಿಗಳನ್ನು ಸಾಗಿಸುವ ದೋಣಿ ನಡೆಸಿದ್ದ, ಹೊಲ ಉತ್ತಿದ್ದ. ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಮುಂದೆ ಜಗತ್ತು ಅಲಿ ಫರ್ಕಾ ತೂರೆ ಎಂದು ಕರೆದ ಗಿಟಾರು ವಾದಕರು ಇವರೇ. ಬದುಕಿದ್ದಾಗ ಎರಡು ಗ್ರ್ಯಾಮಿ, ತೀರಿಕೊಂಡ ಮೇಲೆ ಇನ್ನೊಂದು ಅವರ ಪಾಲಿಗೆ ಬಂತು. ಆದರೂ ಯಾರಾದರೂ ಕಸುಬು ಕೇಳಿದರೆ ತಾನು ರೈತ ಎಂದೇ ಹೇಳುತ್ತಿದ್ದರು. ಯುರೋಪಿನ ಪತ್ರಿಕೆಗಳು ಅವರನ್ನು ‘ಆಫ್ರಿಕದ ಜಾನ್ ಲೀ ಹೂಕರ್’ ಎಂದು ಬರೆದಾಗ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಮರದ ಬೇರು, ಕಾಂಡ ಎರಡೂ ತಮ್ಮ ನೆಲದಲ್ಲಿವೆ, ಅಮೆರಿಕದಲ್ಲಿರುವುದು ಅದರ ಕೊಂಬೆ, ಎಲೆ ಎಂಬರ್ಥದ ಮಾತನ್ನು ಅವರು ಮತ್ತೆ ಮತ್ತೆ ಆಡಿದರು.

ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಈ ಮಾತನ್ನು ಗಮನವಿಟ್ಟು ಕೇಳಬೇಕು. ಎರಡು ಸಂಗೀತಗಳು ಕೂಡುವುದೆಂದರೆ ಏನು ಎಂಬುದಕ್ಕೆ ನಮ್ಮ ಊರಿನಲ್ಲೇ ನೂರು ವರ್ಷಗಳ ಸಾಕ್ಷ್ಯವಿದೆ. ವೇದಿಕೆಯ ಮೇಲೆ ನಾಲ್ಕು ದೇಶಗಳ ವಾದ್ಯ ಜೋಡಿಸಿ ಫ್ಯೂಷನ್ ಎಂದು ಹೆಸರಿಡುವುದು ಇಂದು ಸುಲಭ. ಹಾಗೆ ಹುಟ್ಟಿದ ಎಷ್ಟೋ ತಟ್ಟೆಗಳು ವರ್ಷ ಕಳೆಯುವುದರಲ್ಲಿ ಮರೆತುಹೋಗುತ್ತವೆ. ತನ್ನ ಸಂಗೀತದಲ್ಲಿ ಆಳಕ್ಕೆ ಇಳಿದವನು ಇನ್ನೊಂದು ಸಂಗೀತದಲ್ಲಿ ತನ್ನ ನೆಂಟರನ್ನು ಗುರುತಿಸಿದಾಗ ಹುಟ್ಟುವ ಕೂಡಿಕೆಯೇ ಉಳಿಯುವುದು. ಅಲಿಯವರ ಬದುಕು ಇದನ್ನು ಹೆಜ್ಜೆಹೆಜ್ಜೆಗೂ ತೋರಿಸುತ್ತದೆ.

ಹತ್ತನೆಯ ಮಗ

ಅಲಿ ಹುಟ್ಟಿದ್ದು 1939ರಲ್ಲಿ, ಟಿಂಬಕ್ಟು ಪ್ರಾಂತ್ಯದ ನೈಜರ್ ದಂಡೆಯ ಕನೌ ಎಂಬ ಹಳ್ಳಿಯಲ್ಲಿ. ತಾಯಿಗೆ ಇವರು ಹತ್ತನೆಯ ಮಗ. ಮೊದಲಿನ ಒಂಬತ್ತೂ ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದವು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ವಿಚಿತ್ರ ಹೆಸರಿಡುವ ರೂಢಿ ಅಲ್ಲಿಯೂ ಇದೆ. ಉತ್ತರ ಕರ್ನಾಟಕದಲ್ಲಿ ತಿಪ್ಪಣ್ಣ, ಕಲ್ಲಪ್ಪ, ಮಹಾರಾಷ್ಟ್ರದಲ್ಲಿ ಧೋಂಡು, ದಗಡು ಎಂಬ ಹೆಸರುಗಳು ಬಂದದ್ದು ಇಂಥ ಮನೆಗಳಿಂದಲೇ. ಅಲಿಗೆ ಸಿಕ್ಕಿದ್ದು ಫರ್ಕಾ, ಅಂದರೆ ಕತ್ತೆ. ಹೊರೆ ಹೊರುವ, ಹಟ ಬಿಡದ ಆ ಪ್ರಾಣಿಯ ಹೆಸರನ್ನು ಅವರು ಕೊನೆಯವರೆಗೂ ಹೆಮ್ಮೆಯಿಂದ ಇಟ್ಟುಕೊಂಡರು.

ತಂದೆ ಫ್ರೆಂಚ್ ಸೈನ್ಯಕ್ಕೆ ಸೇರಿ ಎರಡನೆಯ ಮಹಾಯುದ್ಧದಲ್ಲಿ ಮಡಿದರು. ಕುಟುಂಬ ನಿಯಾಫುಂಕೆ ಎಂಬ ನದಿತೀರದ ಪೇಟೆಗೆ ಬಂದು ನೆಲೆಸಿತು. ಅಲಿಯವರ ಪಾಲಿಗೆ ಅದೇ ಊರು ಕೊನೆಯವರೆಗೂ ಊರಾಯಿತು.

ಹುಡುಗನಿಗೆ ಸಂಗೀತದ ಹುಚ್ಚು ಹತ್ತಿದ್ದು ಮನೆಯವರಿಗೆ ಹಿಡಿಸಲಿಲ್ಲ. ಆ ಸೀಮೆಯಲ್ಲಿ ಹಾಡುವುದು, ನುಡಿಸುವುದು, ವಂಶಾವಳಿ ಹೇಳುವುದು ಗ್ರಿಯೊ ಎಂಬ ವೃತ್ತಿಗಾಯಕರ ಕುಲಕ್ಕೆ ಸೇರಿದ ಕೆಲಸ. ಅಲಿಯವರ ಮನೆತನ ಕುಲೀನ ವರ್ಗದ್ದು, ಸಂಗೀತ ಅವರಿಗೆ ಹೇಳಿದ್ದಲ್ಲ. ಗುರುಮನೆಯೂ ಇಲ್ಲದ, ಕುಲದ ಒಪ್ಪಿಗೆಯೂ ಇಲ್ಲದ ಈ ಹುಡುಗನಿಗೆ ಕಲಿಸಿದ್ದು ನದಿಯ ದೇವತೆಗಳ ಆರಾಧನೆ. ನೈಜರ್‌ನ ನೀರಿನಲ್ಲಿ ಶಕ್ತಿಗಳು ನೆಲೆಸಿವೆ, ಅವು ಮೈಮೇಲೆ ಬರುತ್ತವೆ, ಸಂಗೀತದಿಂದಲೇ ಅವುಗಳನ್ನು ಕರೆಯಬೇಕು, ಸಂಗೀತದಿಂದಲೇ ಕಳಿಸಬೇಕು ಎಂಬುದು ಅಲ್ಲಿನ ನಂಬಿಕೆ. ಅಲಿಯವರ ಅಜ್ಜಿ ಈ ಆರಾಧನೆಯಲ್ಲಿ ಹೆಸರಾದವರು. ಶ್ರದ್ಧಾವಂತ ಮುಸ್ಲಿಮರಾಗಿ ಬಾಳಿದ ಅಲಿ ಈ ಶಕ್ತಿಗಳನ್ನು ಎಂದೂ ಅಲ್ಲಗಳೆಯಲಿಲ್ಲ. ಬಾಲ್ಯದಲ್ಲಿ ತಮಗೆ ಅವುಗಳ ಕಾಟ ತಗುಲಿ ಹೊಂಬೊರಿ ಎಂಬ ಊರಿಗೆ ಚಿಕಿತ್ಸೆಗೆ ಕಳಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಒಂದೇ ತಂತಿಯ ಪಾಠ

ಹನ್ನೆರಡರ ಹರೆಯದಲ್ಲಿ ಅಲಿ ತಮ್ಮ ಕೈಯಾರೆ ಒಂದು ವಾದ್ಯ ಮಾಡಿಕೊಂಡರು. ಗುರ್ಕೆಲ್ ಎಂಬ ಆ ವಾದ್ಯಕ್ಕೆ ಇರುವುದು ಒಂದೇ ತಂತಿ. ಚರ್ಮ ಹೊದಿಸಿದ ಬುರುಡೆ, ಅದಕ್ಕೆ ಸಿಕ್ಕಿಸಿದ ಕೋಲು, ಕುದುರೆ ಬಾಲದ ಕೂದಲಿನ ತಂತಿ. ದೇವತೆಗಳನ್ನು ಕರೆಯಲು ಬಳಸುವ ವಾದ್ಯ ಅದು. ಅದರ ಜೊತೆಗೆ ಒಂದೇ ತಂತಿಯ ಪಿಟೀಲು ಜರ್ಕಾವನ್ನೂ ಕಲಿತರು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಚೌಡಿಕೆ ಕೇಳಿದವರಿಗೆ ಈ ಸಂಬಂಧ ಬಿಡಿಸಿ ಹೇಳಬೇಕಾಗಿಲ್ಲ. ಪುಣೆಯ ಹಳೆಯ ಪೇಟೆಗಳಲ್ಲಿ ಗೋಂಧಳ ಹಾಕಿಸುವ ಮನೆಗೆ ಬರುವ ಗೋಂಧಳಿಗಳ ತುಣತುಣೆಗೂ ಒಂದೇ ತಂತಿ. ಅದೂ ದೇವಿಯನ್ನು ಕರೆಯುವ ವಾದ್ಯವೇ. ಒಂದೇ ತಂತಿ ಇದ್ದಾಗ ರಾಗದ ವಿಸ್ತಾರಕ್ಕೆ ಎಡೆ ಕಡಿಮೆ. ಆಗ ವಾದಕನ ಗಮನವೆಲ್ಲ ಲಯದ ಕಡೆಗೆ, ಮೀಟಿನ ತೂಕದ ಕಡೆಗೆ, ಒಂದೇ ಸ್ವರವನ್ನು ಹತ್ತು ಬಗೆಯಲ್ಲಿ ನುಡಿಸುವ ಕಡೆಗೆ ತಿರುಗುತ್ತದೆ. ಅಲಿಯವರ ಗಿಟಾರಿನ ಗುಟ್ಟು ಇಲ್ಲಿದೆ. ಆರು ತಂತಿಯ ವಾದ್ಯ ಕೈಗೆ ಬಂದ ಮೇಲೂ ಅವರು ಅದನ್ನು ಒಂದು ತಂತಿಯ ಮನಸ್ಸಿನಿಂದಲೇ ನುಡಿಸಿದರು. ಒಂದು ತಂತಿ ಹಾಡುತ್ತದೆ, ಮಿಕ್ಕವು ಅದರ ಸುತ್ತ ಶ್ರುತಿಯ ಹಾಗೆ ಮೊಳಗುತ್ತವೆ. ಬಲಗೈಯ ಹೆಬ್ಬೆರಳು ಕೆಳಸ್ವರವನ್ನು ಬಿಡದೆ ಕಾಯುತ್ತದೆ, ತೋರುಬೆರಳು ಮೇಲಿನ ಸ್ವರಗಳನ್ನು ಪುಟ್ಟ ಪುಟ್ಟ ಸುಳಿಗಳಲ್ಲಿ ತಿರುಗಿಸುತ್ತದೆ. ಪಾಶ್ಚಾತ್ಯ ಗಿಟಾರಿನವರು ಮೂರು ಸ್ವರ ಕೂಡಿಸಿ ಹಿಡಿಯುವ ಕಾರ್ಡ್‌ಗಳನ್ನು ಬದಲಿಸುತ್ತ ಮುಂದೆ ಸಾಗುವುದು ಇಲ್ಲಿ ಬಹಳ ಕಡಿಮೆ.

ಹಿಂದೂಸ್ತಾನಿ ಕೇಳುಗರಿಗೆ ಇದು ಕೂಡಲೇ ಹಿಡಿಸುವುದಕ್ಕೆ ಕಾರಣವೂ ಇದೇ. ಷಡ್ಜ ಕದಲದೆ ನಿಂತಿರುತ್ತದೆ. ಅಲಿಯವರ ಹಲವು ಹಾಡುಗಳು ಐದು ಸ್ವರಗಳಲ್ಲಿ ಮುಗಿಯುತ್ತವೆ, ಅವುಗಳಲ್ಲಿ ಕೆಲವು ನಮ್ಮ ಧಾನಿ ರಾಗಕ್ಕೆ ಬಹಳ ಹತ್ತಿರ. ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ. ಅಮೆರಿಕದ ಬ್ಲೂಸ್ ಸಂಗೀತದ ತಳಪಾಯವೂ ಈ ಸ್ವರಗಳೇ. ಜಾನ್ ಲೀ ಹೂಕರ್ ಅವರ ವಿಶೇಷವೆಂದರೆ, ಬೇರೆ ಬ್ಲೂಸ್ ಗಾಯಕರು ಹನ್ನೆರಡು ಮಾತ್ರೆಗಟ್ಟುಗಳ ಚೌಕಟ್ಟಿನಲ್ಲಿ ಕಾರ್ಡ್ ಬದಲಿಸುತ್ತಿದ್ದಾಗ ಅವರು ಎಷ್ಟೋ ಹಾಡುಗಳಲ್ಲಿ ಒಂದೇ ಕಾರ್ಡ್ ಹಿಡಿದು, ಕಾಲಿನಿಂದ ನೆಲ ತಟ್ಟುತ್ತ, ಹೇಳಿದ್ದನ್ನೇ ಹೇಳುತ್ತ ಕೂರುತ್ತಿದ್ದರು. ಬಮಾಕೊದ ಆ ಕೋಣೆಯಲ್ಲಿ ಅಲಿ ಗುರುತು ಹಿಡಿದದ್ದು ಇದನ್ನೇ.

ಈ ನಂಟಿನ ಹಿಂದೆ ಇರುವುದು ಗುಲಾಮಗಿರಿಯ ಇತಿಹಾಸ. ಪಶ್ಚಿಮ ಆಫ್ರಿಕದಿಂದ ಹಿಡಿದೊಯ್ದ ಜನ ಅಟ್ಲಾಂಟಿಕ್ ದಾಟಿ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಿಗೆ ಬಿದ್ದರು. ಅವರ ಬುರುಡೆ ವಾದ್ಯಗಳ ಸಂತತಿಯೇ ಬ್ಯಾಂಜೊ. ಆಫ್ರಿಕದ ಪೂರ್ವ ದಂಡೆಯಿಂದ ಹೊರಟ ಹಡಗುಗಳು ನಮ್ಮ ಕಡೆಗೂ ಬಂದವು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಸಿದ್ದಿ ಸಮುದಾಯದ ದಮಾಮಿ ವಾದ್ಯ ಇಂದಿಗೂ ಮೊಳಗುತ್ತದೆ. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದ ನಿಜಾಮಶಾಹಿಯ ಚುಕ್ಕಾಣಿ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ದಖ್ಖನಿನಲ್ಲಿ ತಡೆದು ನಿಲ್ಲಿಸಿದ. ಇಂದು ಆಫ್ರಿಕದ ಹಲವು ದೇಶಗಳ ವಿದ್ಯಾರ್ಥಿಗಳು ಪುಣೆಯ ಕಾಲೇಜುಗಳಿಗೆ ಓದಲು ಬರುತ್ತಾರೆ. ನಮ್ಮ ಈ ಸೀಮೆಗೆ ಆಫ್ರಿಕ ಹೊಸದೇನಲ್ಲ.

ಸೋಫಿಯಾದಲ್ಲಿ ಕೊಂಡ ಗಿಟಾರು

ಅಲಿ ಗಿಟಾರಿನ ಕಡೆಗೆ ತಿರುಗಿದ್ದು 1956ರಲ್ಲಿ. ಗಿನಿಯ ಕವಿ, ರಂಗಕರ್ಮಿ ಫೊದೆಬಾ ಕೈಟಾ ಅವರ ತಂಡದ ಪ್ರದರ್ಶನದಲ್ಲಿ ಗಿಟಾರು ಕೇಳಿದ್ದೇ ತಡ, ತಾನು ಗುರ್ಕೆಲ್‌ನಲ್ಲಿ ನುಡಿಸುವುದನ್ನೆಲ್ಲ ಇದರಲ್ಲಿ ತರಬಹುದು ಎಂದು ಅವರಿಗೆ ಅನ್ನಿಸಿತು. ಎರವಲು ಗಿಟಾರುಗಳಲ್ಲೇ ಸಾಧನೆ ನಡೆಯಿತು.

1960ರಲ್ಲಿ ಮಾಲಿ ಸ್ವತಂತ್ರವಾಯಿತು. ಮೊದಲ ಅಧ್ಯಕ್ಷ ಮೊದಿಬೊ ಕೈಟಾ ಅವರ ಸರ್ಕಾರ ಜಿಲ್ಲೆಜಿಲ್ಲೆಗೂ ಕಲಾತಂಡ ಕಟ್ಟಿಸಿ ಸ್ಪರ್ಧೆಗಳನ್ನು ಏರ್ಪಡಿಸಿತು. ನಿಯಾಫುಂಕೆಯ ತಂಡದ ಹೊಣೆ ಅಲಿಯವರ ಹೆಗಲಿಗೆ ಬಂತು. ಹಾಡು ಕಟ್ಟುವುದು, ಕುಣಿತ ಕಲಿಸುವುದು, ನುಡಿಸುವುದು ಎಲ್ಲವೂ ಅವರದೇ. ನದಿಯ ಉದ್ದಕ್ಕೂ ಸೋಂಘಾಯ್, ಫುಲಾನಿ, ತುವಾರೆಗ್, ಬೋಜೊ, ಬಂಬಾರಾ, ಡೋಗೊನ್ ಜನರು ಅಕ್ಕಪಕ್ಕದಲ್ಲೇ ಬದುಕುತ್ತಾರೆ. ಒಬ್ಬರು ಬೇಸಾಯಗಾರರು, ಒಬ್ಬರು ದನಗಾಹಿಗಳು, ಒಬ್ಬರು ಮೀನುಗಾರರು, ಇನ್ನೊಬ್ಬರು ಮರುಭೂಮಿಯ ಅಲೆಮಾರಿಗಳು. ಎಲ್ಲರ ಭಾಷೆಯೂ ಬೇರೆ, ಹಾಡೂ ಬೇರೆ. ದೋಣಿ ನಡೆಸುತ್ತ, ಗಾಡಿ ಓಡಿಸುತ್ತ ಅಲಿ ಈ ಭಾಷೆಗಳನ್ನೂ ಹಾಡುಗಳನ್ನೂ ಕೂಡಿಹಾಕಿಕೊಂಡರು. ಮುಂದೆ ತಮ್ಮ ತಟ್ಟೆಗಳಲ್ಲಿ ಒಂದೊಂದು ಹಾಡನ್ನು ಒಂದೊಂದು ಭಾಷೆಯಲ್ಲಿ ಹಾಡಿದರು. ಅಮೆರಿಕದ ಬ್ಲೂಸ್ ಕಿವಿಗೆ ಬೀಳುವ ಮೊದಲೇ ಅವರ ಸಂಗೀತ ಹಲವು ಸಂಗೀತಗಳ ಕೂಡಲಾಗಿತ್ತು.

1968ರಲ್ಲಿ ಅವರು ಮೊದಲ ಬಾರಿಗೆ ಆಫ್ರಿಕ ಬಿಟ್ಟು ಹೊರಗೆ ಹೋದರು. ಬಲ್ಗೇರಿಯದ ಸೋಫಿಯಾದಲ್ಲಿ ಕಲಾ ಉತ್ಸವ. ಅಲ್ಲಿಯೇ ತಮ್ಮದೆನ್ನುವ ಮೊದಲ ಗಿಟಾರು ಕೊಂಡರು. 1970ರ ದಶಕವನ್ನು ಬಮಾಕೊದ ರೇಡಿಯೊ ಮಾಲಿಯಲ್ಲಿ ಸೌಂಡ್ ಎಂಜಿನಿಯರ್ ಆಗಿ ಕಳೆದರು. ಅಲ್ಲಿ ಧ್ವನಿಮುದ್ರಿಸಿದ ಟೇಪುಗಳನ್ನು ಪ್ಯಾರಿಸ್‌ನ ಸನ್ ಆಫ್ರಿಕ್ ಕಂಪನಿಗೆ ಕಳಿಸಿದರು, ತಟ್ಟೆಗಳು ಹೊರಬಂದವು. 1980ರಲ್ಲಿ ಕೆಲಸ ಬಿಟ್ಟು ನಿಯಾಫುಂಕೆಗೆ ಮರಳಿ ಉಳುಮೆಗೆ ಇಳಿದರು.

ಪ್ಯಾರಿಸ್ ತಟ್ಟೆಗಳು ಬ್ರಿಟನ್ನಿನ ರೇಡಿಯೊ ನಿರೂಪಕರ ಕೈಗೆ ಸಿಕ್ಕಿ ಅಲ್ಲಿ ಕುತೂಹಲ ಹುಟ್ಟಿತು. ಲಂಡನ್ನಿನ ವರ್ಲ್ಡ್ ಸರ್ಕಿಟ್ ಸಂಸ್ಥೆಯ ಆ್ಯನ್ ಹಂಟ್ ಅಲಿಯವರನ್ನು ಹುಡುಕಿಕೊಂಡು ಮಾಲಿಗೆ ಹೊರಟರು. ರೇಡಿಯೊದಲ್ಲಿ ಪ್ರಕಟಣೆ ಮಾಡಿಸಿ ಅವರನ್ನು ಪತ್ತೆ ಹಚ್ಚಬೇಕಾಯಿತು. 1987ರಲ್ಲಿ ಅಲಿ ಬ್ರಿಟನ್ನಿಗೆ ಬಂದು ನುಡಿಸಿದರು. ಆಗ ಅವರಿಗೆ ಐವತ್ತರ ಹತ್ತಿರ. 1992ರಲ್ಲಿ ಬಂದ ‘ದ ಸೋರ್ಸ್’ ಎಂಬ ತಟ್ಟೆಯಲ್ಲಿ ಅಮೆರಿಕದ ಬ್ಲೂಸ್ ಗಾಯಕ ತಾಜ್ ಮಹಲ್ ಇದ್ದಾರೆ. ಭಾರತೀಯ ಮೂಲದ ನಿತಿನ್ ಸಾಹ್ನಿ ಅವರ ತಬಲಾವೂ ಇದೆ.

ಜೈಪುರದಿಂದ ಟಿಂಬಕ್ಟುವಿಗೆ

ಅಲಿಯವರ ಕಥೆಯಲ್ಲಿ ಭಾರತ ಇನ್ನೂ ಹತ್ತಿರಕ್ಕೆ ಬರುವುದು ರೈ ಕೂಡರ್ ಅವರ ಮೂಲಕ. ಲಾಸ್ ಏಂಜಲೀಸ್‌ನ ಈ ಗಿಟಾರು ವಾದಕರು ಗಾಜಿನ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಲೈಡ್ ಶೈಲಿಯಲ್ಲಿ ಪಳಗಿದವರು. 1992ರಲ್ಲಿ ಅವರು ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾದ ಒಂದು ಚರ್ಚಿನಲ್ಲಿ ಜೈಪುರದ ವಿಶ್ವಮೋಹನ ಭಟ್ ಅವರೊಡನೆ ಕುಳಿತರು. ಇಬ್ಬರೂ ಪರಸ್ಪರ ಭೇಟಿಯಾದದ್ದೇ ಅದಕ್ಕೆ ಸ್ವಲ್ಪ ಮುಂಚೆ. ಗಿಟಾರಿಗೆ ತರಬಿನ ತಂತಿ ಸೇರಿಸಿ ಭಟ್ ರೂಪಿಸಿದ ಮೋಹನವೀಣೆ, ಎದುರಿಗೆ ಕೂಡರ್ ಅವರ ಸ್ಲೈಡ್ ಗಿಟಾರು. ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಆ ತಟ್ಟೆಗೆ 1994ರಲ್ಲಿ ಗ್ರ್ಯಾಮಿ ಬಂತು.

ಮರುವರ್ಷ, 1995ರಲ್ಲಿ, ಅದೇ ವಿಭಾಗದ ಗ್ರ್ಯಾಮಿ ಮತ್ತೆ ಕೂಡರ್ ಅವರಿಗೇ ಸಂದಿತು. ಈ ಬಾರಿ ಜೊತೆಗಿದ್ದವರು ಅಲಿ ಫರ್ಕಾ ತೂರೆ, ತಟ್ಟೆ ‘ಟಾಕಿಂಗ್ ಟಿಂಬಕ್ಟು’. 1993ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೆಲವೇ ದಿನಗಳಲ್ಲಿ ಅದರ ಧ್ವನಿಮುದ್ರಣ ಮುಗಿದಿತ್ತು. ಅಮೆರಿಕದ ಹಿರಿಯ ಬ್ಲೂಸ್ ವಾದಕ ಕ್ಲಾರೆನ್ಸ್ ಗೇಟ್‌ಮೌತ್ ಬ್ರೌನ್ ಒಂದು ಕಡೆ, ಅಲಿಯವರ ಊರಿನ ಬಳಗದ ಹಮ್ಮಾ ಸಂಕಾರೆ, ಉಮರ್ ತೂರೆ ಇನ್ನೊಂದು ಕಡೆ. ಸಂಕಾರೆ ಅವರದು ಬೋರಲು ಹಾಕಿದ ಅರ್ಧ ಸೋರೆಬುರುಡೆ. ಅದನ್ನು ಅಂಗೈಯಿಂದ ಗುದ್ದಿದರೆ ತಬಲಾ ಜೋಡಿಯ ಬಾಯಾದಂಥ ತುಂಬು ನಾದ, ಬೆರಳಿನಿಂದ ತಟ್ಟಿದರೆ ಚುರುಕಾದ ಟಕಟಕ.

ಈ ತಟ್ಟೆಯಲ್ಲಿ ಕೂಡರ್ ಎಲ್ಲಿಯೂ ಮುಂದೆ ನುಗ್ಗುವುದಿಲ್ಲ. ಅಲಿಯವರ ಗಿಟಾರು ಸುತ್ತು ಹಾಕಿ ಹಾಡುತ್ತಿರುವಾಗ ಅವರು ಹಿಂದಿನಿಂದ ಒಂದು ಎಳೆ ಎಳೆದು ಬಿಡುತ್ತಾರೆ, ಸುಮ್ಮನಾಗುತ್ತಾರೆ. ಒಳ್ಳೆಯ ಹಾರ್ಮೋನಿಯಂ ಸಾಥಿ ಗಾಯಕರ ಹಿಂದೆ ನಡೆಯುವ ಬಗೆ ಇದು. ಅಲಿ ಅಮೆರಿಕದವರ ಕಡೆಗೆ ಒಂದು ಹೆಜ್ಜೆಯನ್ನೂ ಇಡದೆ ತಮ್ಮ ಜಾಗದಲ್ಲೇ ಕೂತಿದ್ದಾರೆ. ಬಂದವರು ಅವರ ಲಯಕ್ಕೆ ಹೊಂದಿಕೊಂಡಿದ್ದಾರೆ. ನಡುವೆ ಒಂದು ಕಡೆ ಅಲಿ ಗಿಟಾರು ಕೆಳಗಿಟ್ಟು ಒಂಟಿ ತಂತಿಯ ಜರ್ಕಾ ಎತ್ತಿಕೊಳ್ಳುತ್ತಾರೆ. ಆ ಒರಟು ಕರ್ಕಶ ನಾದದಲ್ಲಿ ನಿಯಾಫುಂಕೆಯ ಬಯಲು ಕಣ್ಣಿಗೆ ಕಟ್ಟುತ್ತದೆ.

ಬಿತ್ತನೆಯ ನಡುವೆ ರೆಕಾರ್ಡಿಂಗ್

ಗ್ರ್ಯಾಮಿ ಬಂದ ಮೇಲೆ ಬೇರೆಯವರಾಗಿದ್ದರೆ ಪ್ಯಾರಿಸ್‌ನಲ್ಲಿ ಮನೆ ಮಾಡುತ್ತಿದ್ದರು. ಅಲಿ ಊರಿಗೆ ಹೋಗಿ ಪಂಪ್‌ಸೆಟ್ ಹಾಕಿಸಿ, ಭತ್ತದ ಗದ್ದೆಗೆ ನದಿಯ ನೀರು ಹಾಯಿಸಿದರು. ಸಹಾರಾದ ಅಂಚಿನ ಆ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಊಟವಿಲ್ಲ. ಊರವರ ಹೊಟ್ಟೆ ತುಂಬುವುದು ತಮ್ಮ ಮೊದಲ ಕೆಲಸ ಎಂದುಕೊಂಡರು. ಮುಂದಿನ ತಟ್ಟೆಗೆ ಅವರನ್ನು ಸ್ಟುಡಿಯೊಗೆ ಕರೆತರುವುದು ಆಗದ ಮಾತಾದಾಗ ನಿರ್ಮಾಪಕ ನಿಕ್ ಗೋಲ್ಡ್ ಸ್ಟುಡಿಯೊವನ್ನೇ ನಿಯಾಫುಂಕೆಗೆ ಒಯ್ದರು. ಪಾಳುಬಿದ್ದ ಕೃಷಿಶಾಲೆಯೊಂದರಲ್ಲಿ ಯಂತ್ರಗಳನ್ನು ಜೋಡಿಸಿ, ಜನರೇಟರ್ ಓಡಿಸಿ, ಹೊಲದ ಕೆಲಸ ಮುಗಿಸಿ ಅಲಿ ಬರುವುದನ್ನು ಕಾದು ಧ್ವನಿಮುದ್ರಣ ಮಾಡಿದರು. 1999ರಲ್ಲಿ ‘ನಿಯಾಫುಂಕೆ’ ಎಂಬ ಹೆಸರಿನಲ್ಲೇ ಅದು ಹೊರಬಂತು. ಅವರ ತಟ್ಟೆಗಳಲ್ಲಿ ಮಣ್ಣಿನ ವಾಸನೆ ದಟ್ಟವಾಗಿರುವುದು ಇದರಲ್ಲಿ.

2003ರಲ್ಲಿ ಮಾರ್ಟಿನ್ ಸ್ಕಾರ್ಸೆಸೆ ಬ್ಲೂಸ್ ಸಂಗೀತದ ಬೇರು ಹುಡುಕುವ ತಮ್ಮ ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಗಾಯಕ ಕೋರಿ ಹ್ಯಾರಿಸ್ ಅವರನ್ನು ಅಲಿಯವರ ಬಳಿಗೆ ಕರೆತಂದರು. 2004ರಲ್ಲಿ ಅಲಿ ನಿಯಾಫುಂಕೆಯ ಮೇಯರ್ ಆದರು. ರಸ್ತೆ ಸಮತಟ್ಟು ಮಾಡಿಸಿದರು, ಚರಂಡಿ ತೋಡಿಸಿದರು, ಊರಿಗೆ ಬೆಳಕು ಕೊಡಲು ಜನರೇಟರ್ ತರಿಸಿದರು. ಖರ್ಚಿನ ದೊಡ್ಡ ಪಾಲು ಅವರ ಸ್ವಂತ ಜೇಬಿನದು.

ಬುರುಡೆಯ ಬಂಧುಗಳು

ಅಲಿಯವರ ಕೂಡಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರು ತಮ್ಮ ದೇಶದೊಳಗೇ ಮಾಡಿದ್ದು. ಮಾಲಿಯಲ್ಲಿ ಉತ್ತರದ ಸೋಂಘಾಯ್ ಸಂಗೀತ ಒಂದು ಧಾರೆ, ದಕ್ಷಿಣದ ಮಾಂಡೆ ಗ್ರಿಯೊಗಳ ಸಂಗೀತ ಇನ್ನೊಂದು. ಮಾಂಡೆ ಧಾರೆಯ ಬಹುದೊಡ್ಡ ಹೆಸರು ಕೋರಾ ವಾದಕ ತುಮಾನಿ ದಿಯಾಬಾತೆ. ತಲೆತಲಾಂತರದಿಂದ ಕೋರಾ ನುಡಿಸಿದ ಮನೆತನದ ಅವರು ಅಲಿಯವರಿಗಿಂತ ಇಪ್ಪತ್ತಾರು ವರ್ಷ ಚಿಕ್ಕವರು. ಒಬ್ಬರು ಕುಲದ ತಡೆ ಮೀರಿ ಬಂದವರು, ಇನ್ನೊಬ್ಬರು ಕುಲದ ಹೊಣೆ ಹೊತ್ತು ಬಂದವರು. ಬಮಾಕೊದಲ್ಲಿ ನೈಜರ್ ದಂಡೆಯ ಹೋಟೆಲ್ ಮಾಂಡೆಯಲ್ಲಿ ಇಬ್ಬರೂ ತಾಲೀಮಿಲ್ಲದೆ ಕುಳಿತು ನುಡಿಸಿದರು. ಬಹುಪಾಲು ಹಾಡುಗಳು ಮೊದಲ ಸಲಕ್ಕೇ ಮುಗಿದವು. 2005ರಲ್ಲಿ ಬಂದ ಆ ತಟ್ಟೆ ‘ಇನ್ ದ ಹಾರ್ಟ್ ಆಫ್ ದ ಮೂನ್’. ಅಲಿಯವರ ಗಿಟಾರು ನೆಲದಂತೆ ಕೆಳಗೆ ಹಾಸಿಕೊಂಡಿರುತ್ತದೆ, ಅದರ ಮೇಲೆ ಕೋರಾದ ಸ್ವರಗಳು ಸುರಿಯುತ್ತವೆ. ದೊಡ್ಡವರು ಚಿಕ್ಕವರಿಗೆ ದಾರಿ ಬಿಟ್ಟ ರೀತಿ ಕೇಳಿಯೇ ತಿಳಿಯಬೇಕು.

ಕೋರಾ ಮಾಡುವುದು ದೊಡ್ಡ ಸೋರೆಬುರುಡೆಯನ್ನು ಎರಡಾಗಿ ಸೀಳಿ, ದನದ ಚ‌ರ್ಮ ಬಿಗಿದು, 21 ತಂತಿ ಕಟ್ಟಿ. ಮಿರಜಿನ ತಂಬೂರಿಯೂ ಹೀಗೆಯೇ ಬುರುಡೆಯಿಂದ ಹುಟ್ಟುತ್ತದೆ. ಪಂಢರಪುರದ ಸುತ್ತಿನ ಭೀಮಾ ಬಯಲಿನಲ್ಲಿ ಬೆಳೆದ ದಪ್ಪ ಕಹಿ ಬುರುಡೆಯನ್ನು ಒಣಗಿಸಿ, ಕೊಯ್ದು, ನೀರಿನಲ್ಲಿ ನೆನೆಹಾಕಿ, ಒಳಗಿನ ತಿರುಳು ತೆಗೆದು, ಮತ್ತೆ ಒಣಗಿಸಿದ ಮೇಲೆಯೇ ಕುಶಲಕರ್ಮಿ ಅದಕ್ಕೆ ಮರದ ತಬಲಿ ಕೂರಿಸುತ್ತಾನೆ. 2024ರಲ್ಲಿ ಮಿರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು.

ಅದೇ ಮಿರಜಿನ ದರ್ಗಾದ ಆವರಣದಲ್ಲಿ ಮಣ್ಣಾಗಿರುವ ಉಸ್ತಾದ್ ಅಬ್ದುಲ್ ಕರೀಂ ಖಾನ್ ನಮ್ಮ ಸೀಮೆಯಲ್ಲಿ ಎರಡು ಸಂಗೀತಗಳನ್ನು ಕೂಡಿಸಿದವರು. 1872ರಲ್ಲಿ ಉತ್ತರದ ಕಿರಾಣಾದಲ್ಲಿ ಹುಟ್ಟಿ, ಬಡೋದೆಯ ದರ್ಬಾರು ಬಿಟ್ಟು, ಮರಾಠಿ ಕನ್ನಡ ನಾಡುಗಳಲ್ಲಿ ನೆಲೆ ಕಂಡರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು ಹುಡುಗರಿಗೆ ಊಟ, ವಸತಿ, ಪಾಠ ಕೊಟ್ಟರು. ಮೈಸೂರು ಅರಮನೆಯಲ್ಲಿ ಹಾಡಿ ನಾಲ್ವಡಿ ಕೃಷ್ಣರಾಜ ಒಡೆಯರ ಮನ್ನಣೆ ಪಡೆದರು. ದಕ್ಷಿಣದ ಗಾಯಕರು ಸ್ವರಕಲ್ಪನೆ ಮಾಡುವ ಕ್ರಮ ಅವರ ಮನಸ್ಸನ್ನು ಹಿಡಿಯಿತು. ತಮ್ಮ ಖಯಾಲಿಗೆ ಸರಗಮ್ ತಂದರು, ದಕ್ಷಿಣದ ರಾಗಗಳನ್ನು ಒಲಿಸಿಕೊಂಡರು, ತ್ಯಾಗರಾಜರ ಕೃತಿಯನ್ನು ಹಾಡಿ ತಟ್ಟೆಯನ್ನೂ ಕೊಟ್ಟರು. ಆಗಿನ ಕಟ್ಟಾ ಸಂಪ್ರದಾಯದವರಿಗೆ ಇದು ದಿಟ್ಟತನವಾಗಿಯೇ ಕಂಡಿರಬೇಕು. ಖಾನ್‌ಸಾಹೇಬರು ಮಾತ್ರ ಕಿರಾಣಾದವರಾಗಿಯೇ ಉಳಿದರು. ಅವರ ಪ್ರತಿ ಸ್ವರದಲ್ಲೂ ಆ ಘರಾಣೆಯ ನಿಧಾನ, ಆ ಮೃದುತ್ವ ಹಾಗೆಯೇ ಇತ್ತು. 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಅವರು ಕೊನೆಯುಸಿರೆಳೆದರು.

ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಗಂಧರ್ವರ ಶಿಷ್ಯ ಗದುಗಿನ ಭೀಮಸೇನ ಜೋಶಿ. ಖಾನ್‌ಸಾಹೇಬರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ ಹುಡುಗ ಭೀಮಸೇನ ಮನೆ ಬಿಟ್ಟದ್ದು ಗದುಗಿನವರಿಗೂ ಪುಣೆಯವರಿಗೂ ಬಾಯಿಪಾಠ. ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವಕ್ಕೆ ಇಂದಿಗೂ ಡಿಸೆಂಬರಿನಲ್ಲಿ ಜನ ಕಂಬಳಿ ಹೊದ್ದು ಬರುತ್ತಾರೆ. ಭೀಮಸೇನರು ಅದೇ ಕಂಠದಲ್ಲಿ ಮರಾಠಿ ಅಭಂಗವನ್ನೂ ಕನ್ನಡ ದಾಸರ ಪದವನ್ನೂ ಹಾಡಿದಾಗ ಕೇಳುಗರು ಎರಡನ್ನೂ ತಮ್ಮದೆಂದರು. ನಿಯಾಫುಂಕೆಯಲ್ಲಿ ಅಲಿ ಸೋಂಘಾಯ್ ಹಾಡಿದ ಮೇಲೆ ಫುಲಾನಿ ಹಾಡು ಎತ್ತಿಕೊಂಡಾಗ ಅಲ್ಲಿನ ಜನವೂ ಹೀಗೆಯೇ ಅಂದುಕೊಂಡರು.

ಉಳಿದ ಹಾಡು

ಮೂಳೆಯ ಕ್ಯಾನ್ಸರ್‌ನಿಂದ ನರಳುತ್ತಿದ್ದ ಅಲಿ 2006ರ ಮಾರ್ಚ್‌ನಲ್ಲಿ ಬಮಾಕೊದಲ್ಲಿ ತೀರಿಕೊಂಡರು. ನಿಯಾಫುಂಕೆಯಲ್ಲಿ ಮಣ್ಣು ಮಾಡಿದರು. ತುಮಾನಿ ಜೊತೆಗಿನ ತಟ್ಟೆಗೆ ಗ್ರ್ಯಾಮಿ ಬಂದ ಸುದ್ದಿಯನ್ನು ಅದಕ್ಕೆ ತುಸು ಮುಂಚೆ ಕೇಳಿದ್ದರು. ಕೊನೆಯ ದಿನಗಳಲ್ಲಿ ಮುಗಿಸಿದ ‘ಸವಾನ್’ ಅದೇ ವರ್ಷ ಬಂತು. ಇಬ್ಬರ ಎರಡನೆಯ ತಟ್ಟೆ ‘ಅಲಿ ಆ್ಯಂಡ್ ತುಮಾನಿ’ 2010ರಲ್ಲಿ ಬಂದು ಮರುವರ್ಷ ಗ್ರ್ಯಾಮಿ ಪಡೆಯಿತು. ತುಮಾನಿಯವರೂ 2024ರಲ್ಲಿ ತೀರಿಕೊಂಡರು.

ಮಗ ವ್ಯೂ ಸಂಗೀತಗಾರನಾಗುವುದು ಅಲಿಯವರಿಗೆ ಬೇಕಿರಲಿಲ್ಲ. ಈ ಕ್ಷೇತ್ರದ ಮೋಸ, ವಂಚನೆ ಅನುಭವಿಸಿದ್ದ ತಂದೆ ಮಗ ಸೈನ್ಯಕ್ಕೆ ಸೇರಲಿ ಎಂದರು. ಮಗ ಗುಟ್ಟಾಗಿ ಗಿಟಾರು ಕಲಿತ. ತಮ್ಮ ಮನೆಯವರ ಮಾತು ಮೀರಿ ಗುರ್ಕೆಲ್ ಹಿಡಿದಿದ್ದ ಅಲಿ ಕೊನೆಗೆ ಮಗನ ಹಟಕ್ಕೆ ಒಪ್ಪಿ, ಅವನ ಮೊದಲ ತಟ್ಟೆಯಲ್ಲಿ ತಾವೂ ನುಡಿಸಿದರು. ವ್ಯೂ ಫರ್ಕಾ ತೂರೆ ಇಂದು ದೇಶದೇಶ ಸುತ್ತುವ ವಾದಕ. 2022ರಲ್ಲಿ ಅಮೆರಿಕದ ಖ್ರುವಾಂಗ್‌ಬಿನ್ ಬಳಗದೊಡನೆ ತಂದೆಯ ಹಾಡುಗಳನ್ನು ‘ಅಲಿ’ ಎಂಬ ತಟ್ಟೆಯಾಗಿ ಹೊರತಂದ.

ಈ ನಡುವೆ 2012ರಲ್ಲಿ ಸಶಸ್ತ್ರ ಉಗ್ರ ಗುಂಪುಗಳು ಮಾಲಿಯ ಉತ್ತರ ಭಾಗವನ್ನು ಹಿಡಿದು ಸಂಗೀತವನ್ನೇ ನಿಷೇಧಿಸಿದವು. ವಾದ್ಯಗಳನ್ನು ಸುಟ್ಟರು, ಸಂಗೀತಗಾರರು ಊರು ಬಿಟ್ಟರು. ಹಲವು ಜನಾಂಗಗಳ ಹಾಡನ್ನು ಒಂದೇ ಕೊರಳಲ್ಲಿ ಕೂಡಿಸಿದವರ ನಾಡಿಗೆ ಒದಗಿದ ಈ ಗತಿ ನೋವಿನದು. ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವರ ಗುರು ಶಿಷ್ಯ ಸಂಬಂಧವನ್ನು ಎದೆಯಲ್ಲಿಟ್ಟುಕೊಂಡ ಪುಣೆ, ಧಾರವಾಡ, ಮಿರಜಿನ ಜನ ಇದನ್ನು ದೂರದ ಸುದ್ದಿ ಎಂದು ಬದಿಗಿಡಬಾರದು. ಹಾಡು ಕೂಡಿದ ಕಡೆ ಜನ ಕೂಡಿರುತ್ತಾರೆ, ಹಾಡಿಗೆ ಬೇಲಿ ಬಿದ್ದರೆ ಮುಂದೆ ಜನರ ನಡುವೆಯೂ ಬೇಲಿ ಏಳುತ್ತದೆ.

ಅಲಿಯವರನ್ನು ಇದುವರೆಗೆ ಕೇಳದವರು ‘ಇನ್ ದ ಹಾರ್ಟ್ ಆಫ್ ದ ಮೂನ್’ ತಟ್ಟೆಯಿಂದ ಶುರು ಮಾಡಲಿ, ತಂಬೂರಿಗೆ ಒಗ್ಗಿದ ಕಿವಿಗೆ ಅದು ಸಲೀಸು. ಆಮೇಲೆ ‘ಟಾಕಿಂಗ್ ಟಿಂಬಕ್ಟು’, ಕೊನೆಗೆ ‘ನಿಯಾಫುಂಕೆ’. ಮಕ್ಕಳಿಗೆ ಗಾಯನ ಕಲಿಸುವ ಪುಣೆಯ ಗುರುಗಳು ಧಾನಿ ಪಾಠವಾದ ದಿನ ಅಲಿಯವರ ಒಂದು ಹಾಡನ್ನು ಹಾಕಿ, ಷಡ್ಜ ಎಲ್ಲಿದೆ ಹುಡುಕಿ ಎಂದು ಹೇಳಿದರೆ ಸಾಕು. ಹುಡುಕಿದ ಮಗುವಿಗೆ ತನ್ನ ರಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಆಫ್ರಿಕವೂ ನೆರೆಮನೆಯಾಗುತ್ತದೆ.